ಮಾವನ ಮುಸುಕಿನಲ್ಲಿ ನಾನು

ಒಂದು ಮಧ್ಯಾಹ್ನದ ಮಟ್ಟಿಗೆ ನಾನು ನನ್ನ ಸೋದರಮಾವನಾಗಿದ್ದೆ. ಇಡೀ ಶಾಲೆ ನಂಬಿತು, ನಂಬಬೇಕಾದವಳೊಬ್ಬಳನ್ನು ಬಿಟ್ಟು. ನನ್ನ ಈ ಪೆದ್ದುತನ ಅರ್ಥವಾಗಬೇಕಾದರೆ ಮೊದಲು ಮಾವನ ಪರಿಚಯವಾಗಬೇಕು. ಮುಂಬೈ ಹೊರವಲಯದ ಡೊಂಬಿವಲಿಯಲ್ಲಿ ಸೂರ್ಯನೊಡನೆ ಮಾತುಬಿಟ್ಟ ಏಕೈಕ ಉಡುಪಿಯವರು ಅವರು.

ಬಿಸಿಲು ತಾಗಿದರೆ ಸಾಕು, ಅವರ ಮೈಮೇಲೆ ಕೆಂಪು ದದ್ದು ಏಳುತ್ತದೆ; ಆಮೇಲೆ ದಿನವಿಡೀ ತುರಿಕೆ. "ಮೈ ಮುಚ್ಚಿಕೊಂಡು ಓಡಾಡಿ" ಎಂದರು ಚರ್ಮದ ಡಾಕ್ಟರು. ಮಾವ ಅದನ್ನು ಮಂತ್ರೋಪದೇಶದಂತೆ ಸ್ವೀಕರಿಸಿದರು. ಅಗಲ ಅಂಚಿನ ಟೋಪಿ, ಕಪ್ಪು ಕನ್ನಡಕ, ಮೂಗಿನವರೆಗೆ ಮಫ್ಲರ್, ಕೈಗವಸು. ಅಳಿದುಳಿದ ಮುಖಕ್ಕೆ ಬಿಳಿ ಮುಲಾಮು. ಠಾಣೆ ನಗರದ ಬ್ಯಾಂಕಿಗೆ ಕೆಲಸಕ್ಕೆ ಹೊರಟವರೋ, ಅದನ್ನು ದೋಚಲು ಹೊರಟವರೋ ಎಂದು ಹೊಸ ವಾಚ್‌ಮನ್‌ಗೆ ಅನುಮಾನ.

ಲೋಕಲ್ ರೈಲಿನಲ್ಲಿ ಜನ ಕಿಟಕಿ ಸೀಟಿಗೆ ಜಗಳವಾಡಿದರೆ ಮಾವ ನಾಲ್ಕನೇ ಸೀಟಿಗೆ ಜಗಳವಾಡುತ್ತಾರೆ. ಮೂವರ ಬೆಂಚಿನ ತುದಿಯಲ್ಲಿ ಅರ್ಧ ತೊಡೆ ಊರುವ ಜಾಗ ಅದು. ಒಮ್ಮೆ ಯಾರೋ ಪುಣ್ಯಾತ್ಮ "ಅಂಕಲ್, ವಿಂಡೋ ಲೇಲೋ" ಎಂದು ಎದ್ದ. "ನಾನು ನಿನಗೆ ಏನು ಅನ್ಯಾಯ ಮಾಡಿದ್ದೇನೆ?" ಎಂದರು ಮಾವ.

ಮನೆಯಲ್ಲೂ ಬಿಸಿಲು ಸರಿದಂತೆ ಕುರ್ಚಿ ಹಿಡಿದು ಹಜಾರದ ಪ್ರದಕ್ಷಿಣೆ.

"ಒಂದು ಕಡೆ ಕೂತ್ಕೊಳ್ಳಿ ಮಾರಾಯ್ರೆ" ಎಂದು ಅತ್ತೆ ಗದರಿದರೆ, "ಸೂರ್ಯನಿಗೆ ಹೇಳು" ಎನ್ನುತ್ತಾರೆ.

ಹೀಗಿರುವಾಗ ಅವರ ಒಂಬತ್ತು ವರ್ಷದ ಮಗಳ ಶಾಲೆಯ ಕ್ರೀಡಾದಿನ ಬಂತು. ನನ್ನನ್ನು ಮುಂಬೈ ರೂಢಿಯಂತೆ ‘ದಾದಾ’, ಅಂದರೆ ಅಣ್ಣ, ಎನ್ನುವ ಅವಳದು ಲಿಂಬೆ-ಚಮಚದ ಓಟ. ಹಿಂದಿನ ವರ್ಷ ಪಪ್ಪ ಬರಲಿಲ್ಲವೆಂದು ಊಟ ಬಿಟ್ಟಿದ್ದವಳು. ಈ ಸಲ ಮಾವ ಹೊರಟೇಬಿಟ್ಟರು. ಹಳೆಯ ದದ್ದು ಇನ್ನೂ ಆರಿಲ್ಲವೆಂದು ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಆಗ ನನಗೆ ಹೊಳೆಯಿತು: ಆ ಮುಸುಕಿನೊಳಗೆ ಯಾರಿದ್ದರೇನು? ಮಾವನ ನಡಿಗೆ, ಕೆಮ್ಮು ನನಗೆ ಕರಗತ. ನಮ್ಮ ಸೊಸೈಟಿಯ ಗಣೇಶೋತ್ಸವದಲ್ಲಿ ಅದನ್ನೇ ಮಾಡಿ ಸ್ಟೀಲ್ ಡಬ್ಬಿ ಗೆದ್ದವನು ನಾನು.

ಮುಸುಕು ತೊಟ್ಟು ಹೋದೆ. ಟೀಚರುಗಳು ನಮಸ್ಕರಿಸಿದರು. ಲಿಂಬೆ ಬೀಳಿಸದೆ ಓಡಿ ಎರಡನೆಯವಳಾದ ಹುಡುಗಿ ನೇರ ನನ್ನ ಬಳಿಗೆ ಬಂದಳು. ಮಾವನಂತೆ ಕೆಮ್ಮಿ, "ಭೇಷ್ ಮಗಾ" ಎಂದೆ.

"ದಾದಾ, ಪಪ್ಪ ಎಲ್ಲಿ?"

"ನಾನೇ ಅಲ್ವಾ..."

"ಪಪ್ಪ ಆದ್ರೆ ಮೈದಾನದ ಮಧ್ಯ ನಿಲ್ತಿದ್ರಾ?"

ಮನೆಯಲ್ಲಿ ಎಲ್ಲದಕ್ಕೂ ಹಿಂದಿಯಲ್ಲಿ ಉತ್ತರಿಸುವ ಹುಡುಗಿಗೆ ಸಿಟ್ಟು ಬಂದಾಗ ಮಾತ್ರ ಕನ್ನಡ ಬರುತ್ತದೆ. ಕಣ್ಣೂ ತುಂಬಿತ್ತು.

ಅಷ್ಟರಲ್ಲಿ ನೀರಿನ ಟ್ಯಾಂಕಿನ ಪಕ್ಕ, ಗೇಣಗಲದ ನೆರಳಿಗೆ ಬೆನ್ನು ಅಂಟಿಸಿಕೊಂಡ ಹೂವಿನ ಬೆಡ್‌ಶೀಟೊಂದು ಕೈಬೀಸಿತು. ಮುಸುಕೆಲ್ಲ ನನ್ನ ಮೈಮೇಲಿತ್ತಲ್ಲ. ಮನೆಯಲ್ಲಿ ಕೂರಲಾಗದ ಮಾವ ಕೈಗೆ ಸಿಕ್ಕಿದ್ದನ್ನು ಹೊದ್ದು ಬಂದಿದ್ದರು. ಓಟವನ್ನು ಪೂರ್ತಿ ನೋಡಿದ್ದರು. ನಾವಿಬ್ಬರೂ ಓಡಿ ಹತ್ತಿರ ಹೋಗುವಷ್ಟರಲ್ಲಿ, ಹೊರಗುಳಿದ ಮುಂಗೈ ಆಗಲೇ ಕೆಂಪಾಗಿತ್ತು.

"ಬರುವ ವರ್ಷವೂ ಬರ್ತೇನೆ ಮಗಾ" ಎಂದರು.

ಅವಳು ನನ್ನ ಟೋಪಿ ಕಿತ್ತು ಅವರ ತಲೆಗಿಟ್ಟಳು. ಕೆಂಪಾದ ಆ ಕೈಯನ್ನು ತನ್ನ ಬೆನ್ನ ಹಿಂದಿನ ನೆರಳಿಗೆ ಎಳೆದುಕೊಂಡು ಹೇಳಿದಳು:

"ಬರ್ಬೇಡಿ. ಸೂರ್ಯ ಮುಳುಗಿದ ಮೇಲೆ ಟೆರೇಸಲ್ಲಿ ಇನ್ನೊಮ್ಮೆ ಓಡ್ತೇನೆ, ಆಗ ನೋಡಿ. ಸೋಲ್ಲಿಕ್ಕೆ ದಾದಾ ಇದ್ದಾನೆ."