ನಮ್ಮತ್ತೆ ಸುಮ್ಮನಿದ್ದ ಒಂದು ಗಂಟೆ

ನನ್ನ ಸೋದರತ್ತೆ ನಿದ್ದೆಯಲ್ಲೂ ಮಾತಾಡುತ್ತಾರೆ ಎಂದರೆ ನೀವು ನಂಬಲಿಕ್ಕಿಲ್ಲ. ಬರೀ ಗೊಣಗಾಟವಲ್ಲ ಸ್ವಾಮಿ, ಎದುರಿನವರ ಉತ್ತರಕ್ಕೆ ಬಿಡುವು ಕೊಟ್ಟು, ಆ ಉತ್ತರವನ್ನೂ ಒಪ್ಪದೆ ಜಗಳ ತೆಗೆಯುತ್ತಾರೆ! ಕುಶಾಲನಗರದಲ್ಲಿ ಬಸ್ಸು ಹತ್ತಿದರೆ ಹಾರಂಗಿಯಲ್ಲಿ ಇಳಿಯುವಷ್ಟರಲ್ಲಿ ಪಕ್ಕದ ಸೀಟಿನವರ ಮಗಳಿಗೆ ಗಂಡು ಗೊತ್ತುಮಾಡಿರುತ್ತಾರೆ.

ಇಂಥವರ ಎದೆಯಲ್ಲಿ ಒಂದು ಗಂಟು ಕಾಣಿಸಿತು. ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದಾಯಿತು. ಕಾಯಿಲೆ ಬೇರೆಲ್ಲಾದರೂ ಹರಡಿದೆಯೇ ಎಂದು ನೋಡಲು ಮೈಸೂರಿನಲ್ಲಿ ಪೆಟ್ ಸ್ಕ್ಯಾನ್ ಆಗಬೇಕೆಂದರು ಡಾಕ್ಟರು. ಹಿಂದಿನ ದಿನದ ಪಥ್ಯ ಹೇಳಲು ಆಸ್ಪತ್ರೆಯ ಹುಡುಗಿ ಫೋನು ಮಾಡಿದಳು.

“ಅನ್ನ ತಿನ್ನಬಾರದು ಅಮ್ಮ.”

“ಆಯ್ತವ್ವ, ಅಕ್ಕಿರೊಟ್ಟಿ ತಿಂತೀನಿ.”

“ಅದೂ ಬೇಡ.”

“ಕಡುಬು?”

“ಅಕ್ಕೀದು ಏನೂ ಬೇಡ. ಮೊಟ್ಟೆ, ಸೊಪ್ಪು ತಿನ್ನಿ.”

“ಅಲ್ಲ ಕಣವ್ವ, ನೀನು ಒಂದ್ಸಲನಾದ್ರೂ ಕೊಡಗಿಗೆ ಬಂದಿದ್ದೀಯಾ?”

ಮೈಗೆ ಶ್ರಮ ಕೊಡಬಾರದು ಎಂದೂ ಹೇಳಿದ್ದಳು. ಅತ್ತೆ ಅದನ್ನು ಚಾಚೂತಪ್ಪದೆ ಪಾಲಿಸಿದರು. ಶುಂಠಿ ಹೊಲದ ಬದುವಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಬರೀ ಬಾಯಿಂದಲೇ ಅರ್ಧ ಎಕರೆ ಕಳೆ ಕೀಳಿಸಿದರು! ಸಂಜೆ ಕೆಲಸದ ಹೆಂಗಸೊಬ್ಬಳು ನನ್ನ ಹತ್ತಿರ ಬಂದು, “ಅಕ್ಕ, ನಾಳೆಯಿಂದ ಅವ್ರೂ ಬಗ್ಗಿ ಕೆಲ್ಸ ಮಾಡ್ಲಿ, ನಮ್ಗೆ ಅದೇ ಸುಖ” ಎಂದು ಬೇಡಿಕೊಂಡಳು.

ಮರುದಿನ ಅಪ್ಪ ಕಾರಿನಲ್ಲಿ ನಮ್ಮಿಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದರು. ನಿಜವಾದ ಪರೀಕ್ಷೆ ಇದ್ದದ್ದು ಅಲ್ಲಿ. ಇಂಜೆಕ್ಷನ್ ಕೊಟ್ಟಮೇಲೆ ಒಂದು ಗಂಟೆ ಅಲುಗಾಡದೆ ಮಲಗಬೇಕು, ಮಾತೇ ಆಡಬಾರದು! ಮಾತಾಡಿದರೆ ಗಂಟಲಿನ ಸ್ನಾಯುಗಳೇ ಸ್ಕ್ಯಾನಿನಲ್ಲಿ ಹೊಳೆದುಬಿಡುತ್ತವಂತೆ. ನಮ್ಮತ್ತೆಯ ಗಂಟಲು ಹೊಳೆದರೆ ಮೈಸೂರಿಗೆ ದಸರಾ ದೀಪಗಳೇ ಬೇಡ ಎಂದುಕೊಂಡೆ.

ಸಿರಿಂಜು ಹಿಡಿದ ನರ್ಸು ಕೇಳಿದಳು, “ಜೊತೆಗೆ ಬಂದವರಲ್ಲಿ ಬಸುರಿಯರು ಯಾರಾದ್ರೂ ಇದ್ದೀರಾ? ಈ ಇಂಜೆಕ್ಷನ್‌ನಲ್ಲಿ ವಿಕಿರಣ ಇರುತ್ತೆ, ಇದಾದ ಮೇಲೆ ಇವತ್ತೆಲ್ಲ ಅವರು ಇವರ ಹತ್ತಿರ ಇರಬಾರದು.”

ನನಗಾಗ ಎರಡು ತಿಂಗಳು. ಗಂಡನೊಬ್ಬನಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಅತ್ತೆಗೆ ಹೇಳಿದ್ದರೆ ಕೊಡ್ಲಿಪೇಟೆಯವರೆಗೂ ಡಂಗುರವಾಗುತ್ತಿತ್ತು. ಈಗ ಬೇರೆ ದಾರಿಯಿರಲಿಲ್ಲ.

“ನಾನಿದ್ದೀನಿ” ಎಂದು ಬಾಗಿಲಿನತ್ತ ಸರಿದೆ.

ಅತ್ತೆಯ ಬಾಯಿ ತೆರೆಯಿತು. “ಮಾತಿಲ್ಲ ಅಮ್ಮ, ಇಂಜೆಕ್ಷನ್ ಹೋಗ್ತಿದೆ” ಎಂದಳು ನರ್ಸು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಒಂದು ಗಂಟೆ ಅವರು ತುಟಿ ಬಿಚ್ಚಲಿಲ್ಲವಂತೆ. ಕಣ್ಣೀರು ಮಾತ್ರ ದಿಂಬಿಗೆ ಇಳಿಯುತ್ತಲೇ ಇತ್ತು ಎಂದು ನರ್ಸು ಆಮೇಲೆ ಹೇಳಿದಳು.

ಸ್ಕ್ಯಾನ್ ಮುಗಿಸಿ ಹೊರಬಂದ ಅತ್ತೆ ಮೊಗಸಾಲೆಯ ಆಚೆ ತುದಿಯಲ್ಲೇ ನಿಂತರು. ನಾನು ಎದ್ದೆ.

“ಅಲ್ಲೇ ಇರು! ನೀನು ಬಸ್ಸಲ್ಲಿ ಬಾ, ನಾನು ನಿಮ್ಮಪ್ಪನ ಜೊತೆ ಕಾರಲ್ಲಿ ಹೋಗ್ತೀನಿ.” ಆಮೇಲೆ ದನಿ ತಗ್ಗಿತು. “ನಿನ್ನ ಬಾಣಂತನಕ್ಕೆ ನಾನಿರ್ತೀನಾ ಅಂತ ಡಾಕ್ಟ್ರನ್ನ ನೀನೇ ಕೇಳ್ಬಿಡೇ. ನಂಗೆ ಬಾಯೇ ಬರ್ತಿಲ್ಲ.”

ಮೂರನೆಯ ದಿನ ರಿಪೋರ್ಟು ಬಂತು. ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಕೇಳಿದೆ. ಕಾಯಿಲೆ ಬೇರೆಲ್ಲೂ ಹರಡಿಲ್ಲ, ಆಪರೇಷನ್ ಮಾಡಿದರೆ ಗುಣವಾಗುತ್ತದೆ, ಬಾಣಂತನಕ್ಕೆ ಖಂಡಿತ ಇರುತ್ತಾರೆ ಎಂದರು ಡಾಕ್ಟರು. ಅತ್ತೆ ನನ್ನ ಹೊಟ್ಟೆಯ ಮೇಲೆ ಮೆಲ್ಲಗೆ ಕೈಯಿಟ್ಟರು.