ಕಾಕಾನ ಕೆಂಪು ಮುಖದ ನೋಟ್‌ಬುಕ್ಕು

ನಮ್ಮ ಕಾಕಾ ಜೀವನದಲ್ಲಿ ಒಂದು ತೊಟ್ಟೂ ಕುಡಿದವರಲ್ಲ. ದಾಂಡೇಲಿಯಲ್ಲಿ ಈ ಮಾತನ್ನು ನಂಬುವವರು ಇಬ್ಬರೇ, ನಾನು ಮತ್ತು ಅವರ ಹೆಂಡತಿ, ಅಂದರೆ ನಮ್ಮ ಕಾಕೂ. ಕಾಕೂಗೂ ಮೊದಮೊದಲು ಸಂಶಯವಿತ್ತು!

ತಪ್ಪೆಲ್ಲ ಅವರ ಮುಖದ್ದು. ಮೂಗು, ಕೆನ್ನೆ ಸದಾ ಕೆಂಪು, ಮೇಲೆ ಸಣ್ಣ ಸಣ್ಣ ಗುಳ್ಳೆ. ಒಮ್ಮೆ ಗೋವಾದಿಂದ ಬೈಕಿನಲ್ಲಿ ಬರುವಾಗ ಅನಮೋಡದ ಹತ್ತಿರ ಒಬ್ಬ ಪೊಲೀಸಪ್ಪ ತಡೆದು ಯಂತ್ರಕ್ಕೆ ಊದಿಸಿದ. ಮೂರು ಸಲ ಊದಿದರೂ ಸೊನ್ನೆ. ಆತ ಯಂತ್ರ ನೋಡಿದ, ಕಾಕಾನ ಮುಖ ನೋಡಿದ, ಕೊನೆಗೆ ಯಂತ್ರವನ್ನೇ ಎರಡು ಸಲ ತಟ್ಟಿದ!

ಆ ಸಿಟ್ಟಿಗೇ ಕಾಕಾ ಧಾರವಾಡದ ಚರ್ಮದ ಡಾಕ್ಟರ ಹತ್ತಿರ ಹೋದರು. ಇದರ ಹೆಸರು ರೊಸೇಶಿಯಾ, ಕುಡಿತದಿಂದ ಬಂದದ್ದಲ್ಲ, ಯಾರಿಗೂ ಅಂಟುವುದಿಲ್ಲ, ಪೂರ್ತಿ ಹೋಗದಿದ್ದರೂ ಹತೋಟಿಯಲ್ಲಿಡಬಹುದು ಎಂದರಂತೆ. ಮುಲಾಮು ಕೊಟ್ಟು, ಯಾವುದರಿಂದ ಮುಖ ಕೆಂಪೇರುತ್ತದೋ ಬರೆದಿಡಿ ಅಂದರಂತೆ. ಅಷ್ಟು ಸಾಕಾಯಿತು! ಅಂದಿನಿಂದ ಜೇಬಿನಲ್ಲಿ ನೋಟ್‌ಬುಕ್ಕು, ಕೈಯಲ್ಲಿ ಕೊಡೆ, ಮುಖಕ್ಕೆ ಬಿಸಿಲು ತಡೆಯುವ ಬಿಳಿ ಕ್ರೀಮು. ಕಾಗದದ ಮಿಲ್ಲಿನ ಗೆಳೆಯರು, "ಯಾವ ನಾಟಕದಾಗ ಪಾರ್ಟ್ ಐತ್ರಿ?" ಎಂದರೆ, "ನೀವು ನಗ್ರಿ, ನಾ ಬಿಡೂದಿಲ್ಲ" ಎನ್ನುತ್ತಿದ್ದರು.

ನನಗೆ ಅಪ್ಪನಿಲ್ಲ, ಸಾಕಿದವರು ಕಾಕಾನೇ. ಹಳಿಯಾಳದಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬರುತ್ತಾರೆಂದಾಗ ಈ ಛಲದ ಮನುಷ್ಯ ಮೊದಲ ಸಲ ಹೆದರಿದರು.

"ಈ ಮಾರಿ ನೋಡಿ ನಿನ್ನ ಸಂಬಂಧ ಮುರದೀತವ್ವಾ. ನಾ ಮೌಳಂಗಿಗೆ ಹೋಗಿ ಹೊಳಿ ದಂಡ್ಯಾಗ ಕುಂದರ್ತೇನಿ."

"ಹಂಗಿದ್ರ ನಾನೂ ನಿಮ್ಮ ಜೋಡಿ ಬರ್ತೇನಿ" ಎಂದೆ. ಮನೆಯಲ್ಲೇ ಉಳಿದರು.

ಬಂದವರ ಮುಂದೆ ಬಿಸಿ ಬಿಸಿ ಮಿರ್ಚಿ ಭಜಿ, ಚಹಾ ಇಟ್ಟೆವು. ಮನೆಯ ಹಿರಿಯರು ಮುಟ್ಟದೆ ಬಂದವರು ಮುಟ್ಟುವರೇ? ಬಿಸಿ ತಾಗಿದರೂ ಮುಖ ಕೆಂಪೇರುತ್ತದೆಂದು ಕಾಕಾ ಚಹಾ ಆರಲೆಂದು ಕಾಯುತ್ತಾರೆ, ಹುಡುಗನ ಅಜ್ಜ ಕಾಕಾಗಾಗಿ ಕಾಯುತ್ತಾರೆ. ಎಲ್ಲರ ಕಪ್ಪಿನಲ್ಲೂ ಕೆನೆ ಕಟ್ಟಿತು! ಕೊನೆಗೆ ಅಜ್ಜ, "ನೀವು ತಗೊಳ್ರಿ, ಅಂದ್ರ ನಾವು" ಎಂದರು. ಮರ್ಯಾದೆಗೆ ಅಂಜಿ ಕಾಕಾ ಒಂದು ಇಡೀ ಭಜಿಯನ್ನು ಬಾಯಿಗೆ ಹಾಕಿಕೊಂಡರು. ಮುಖ ಕೆಂಪಡರಿತು. ನಾನು ಬಾಗಿಲ ಮರೆಯಿಂದ ನೋಡುತ್ತಿದ್ದೆ.

ಅಜ್ಜ ದನಿ ತಗ್ಗಿಸಿದರು. "ತಪ್ಪ ತಿಳ್ಕೋಬ್ಯಾಡ್ರಿ. ಕುಡ್ಯೂ ರೂಢಿ ಐತೇನ್ರಿ?"

ಕಾಕಾ ಎದ್ದು ನಿಂತು ನೋಟ್‌ಬುಕ್ಕು ತೆಗೆದರು. "ಇಲ್ರಿ. ಇದು ರೊಸೇಶಿಯಾ. ಕೇಳ್ರಿ. ಸೋಮವಾರ ಬಿಸಲು, ಕೆಂಪು. ಮಂಗಳವಾರ ಮಿರ್ಚಿ ಭಜಿ, ಭಾಳ ಕೆಂಪು. ಬುಧವಾರ ಹೇಣ್ತಿ ಜೋಡಿ ಜಗಳ, ಎಲ್ಲಾಕ್ಕಿಂತ ಕೆಂಪು!"

"ಅದನ್ಯಾಕ ಓದ್ತೀರಿ!" ಒಳಗಿನಿಂದ ಕಾಕೂ ಕೂಗಿದರು. ಅಜ್ಜ ಜೋರಾಗಿ ನಕ್ಕು, ಕೆನೆಗಟ್ಟಿದ ಕಪ್ಪನ್ನೇ ಎತ್ತಿ ಗುಟುಕರಿಸಿದರು. "ಆರಿದ ಚಾನೂ ಬರೊಬ್ಬರಿ ಐತಿ ಬಿಡ್ರಿ!" ಸಂಬಂಧ ಗಟ್ಟಿಯಾಯಿತು.

ಮದುವೆಯ ದಿನ ಕಾಕಾನದು ಕಟ್ಟುನಿಟ್ಟಿನ ಪಥ್ಯ. ಬಿಸಿಲಿಗೆ ಬರಲಿಲ್ಲ, ಖಾರ ಮುಟ್ಟಲಿಲ್ಲ, ಕಾಕೂ ಜೊತೆ ಜಗಳವೂ ಆಡಲಿಲ್ಲ. ಸಂಜೆಯವರೆಗೂ ಮುಖ ತಿಳಿಯಾಗಿಯೇ ಇತ್ತು. ಗಂಡನ ಮನೆಯ ಗಾಡಿ ಹತ್ತುವಾಗ ನೋಡುತ್ತೇನೆ, ಕಿವಿಯವರೆಗೂ ಕೆಂಪು!

"ಕಾಕಾ, ಏನ ತಿಂದ್ರಿ?"

"ಏನಿಲ್ಲವ್ವಾ" ಎಂದು ಮುಖ ಆ ಕಡೆ ತಿರುಗಿಸಿದರು.

ಮೊದಲ ಸಲ ತವರಿಗೆ ಬಂದಾಗ ಆ ನೋಟ್‌ಬುಕ್ಕನ್ನು ಕದ್ದು ನೋಡಿದೆ. ಆ ದಿನದ್ದು ಇಷ್ಟೇ ಇತ್ತು: "ಶುಕ್ರವಾರ. ಮಗಳನ್ನ ಕಳಿಸಿದೆ. ಕೆಂಪು. ಇದಕ್ಕ ಪಥ್ಯ ಇಲ್ಲ."