ಗೋಬರ್ ಗ್ಯಾಸಿನ ಟೀ

ಎಲ್ಲ ಕೆಟ್ಟದ್ದು ಶಿವನಂಜಮ್ಮನವರ ಒಂದು ಪ್ರಶ್ನೆಯಿಂದ.

“ಕೊಳ್ತ ಸಗಣಿ ಗಾಳೀಲಿ ಬೇಯ್ಸಿದ್ನ ಶಿವಂಗೆ ಎಂಗಪ್ಪಾ ಎಡೆ ಇಡದು?”

ಗ್ರಾಮಸೇವಕ ರುದ್ರಸ್ವಾಮಿ ಗಡಿಯಾರ ನೋಡಿಕೊಂಡ. ಎಪ್ಪತ್ತನಾಲ್ಕನೇ ಇಸವಿಯಲ್ಲಿ ವೀರನಹೊಸಹಳ್ಳಿಗೆ ಬಂದ ಮೊದಲ ಗೋಬರ್ ಗ್ಯಾಸ್ ಗುಂಡಿ ಆಕೆಯ ಹಿತ್ತಲಲ್ಲೇ ಇತ್ತು. ಮೂರು ಗಂಟೆಗೆ ಜಿಲ್ಲಾ ಕಚೇರಿಯ ಸಾಹೇಬರ ಜೀಪು ಬರುವುದಿತ್ತು. ಅವರಿಗೆ ಗ್ಯಾಸ್ ಒಲೆಯ ಟೀ ಕುಡಿಸಿ, ‘ನಮಗೂ ಇಂಥ ಗುಂಡಿ ಬೇಕು’ ಎಂಬ ಹತ್ತು ರೈತರ ಸಹಿ ತೋರಿಸಿದರೆ ರುದ್ರಸ್ವಾಮಿಗೆ ಹುಣಸೂರಿಗೆ ವರ್ಗ ಎಂದು ಮಾತಾಗಿತ್ತು. ಹುಣಸೂರಲ್ಲಿ ಹೆಂಡತಿ ಮಂಗಳಗೌರಿ ಇದ್ದಳು, ಎರಡು ತಿಂಗಳ ಮಗಳಿದ್ದಳು. ಆ ಮಗಳನ್ನು ಪಾಪ ಅವನು ನೋಡಿದ್ದು ಎರಡೇ ಸಲ. ಎರಡು ಸಲವೂ ಅವಳು ನಿದ್ದೆ ಹೊಡೆಯುತ್ತಿದ್ದಳು.

ಅಷ್ಟರಲ್ಲಿ ಕಾಡಂಚಿನ ಹಾಡಿಯ ಮುತ್ತಿ ಸೌದೆ ಹೊರೆ ಇಳಿಸಿದಳು.

“ಎಲ್ರೂ ಗಾಳೀಲಿ ಬೇಯ್ಸುದ್ರೆ ನನ್ ಸೌದೆ ಯಾರ್ ತಗತ್ತಾರೆ ಸಾಮಿ? ನನ್ ಒಲೆ ಆರೋಗ್ಬೇಕಾ?”

ಅದು ನ್ಯಾಯವಾದ ಮಾತು. ಇಷ್ಟು ದಿನ ಅದು ಹೊಳೆಯಲಿಲ್ಲವಲ್ಲ ಎಂದು ರುದ್ರಸ್ವಾಮಿಗೆ ನಾಚಿಕೆಯಾಯಿತು.

“ಗುಂಡಿಗೆ ಸಗಣಿ ಕಲಸೋ ಕೆಲ್ಸ ನಿಂದೇ ಕಣವ್ವ. ಗುಂಡಿ ಮನೆಯೋರೇ ಕೂಲಿ ಕೊಡ್ಬೇಕು ಅಂತ ಬರ್ದೇ ಸಹಿ ಹಾಕುಸ್ತೀನಿ.”

“ಅವಳ್ ಕೂಲಿ ಕೊಡಾನ ಬುಡು,” ಎಂದರು ಶಿವನಂಜಮ್ಮನ ಗಂಡ, ಊರ ಹಿರಿಯ ವೀರಭದ್ರಸ್ವಾಮಿ. “ಶಿವನ್ ಎಡೆ ಇಚಾರ ಯೋಳು.”

ರುದ್ರಸ್ವಾಮಿಗೆ ಅವರ ಹಣೆ ಕಂಡಿತು.

“ಈ ವಿಭೂತಿ ಯಾವುದ್ರದ್ದು ಬುದ್ಧಿ?”

“ಅಸುವಿನ್ ಸಗಣಿ ಸುಟ್ಟಿದ್ದು.”

“ಸಗಣಿ ಬೂದಿ ಶಿವಂಗಾದ್ರೆ, ಸಗಣಿ ಬೆಂಕಿ ಆಗಲ್ವಾ?”

ವೀರಭದ್ರಸ್ವಾಮಿ ಸೇರಿದ್ದ ರೈತರ ಕಡೆ ತಿರುಗಿ ತೊಡೆ ತಟ್ಟಿದರು. “ಅಲಲಲಾ! ಇದು ಸಾಕ್ಷಾತ್ ಶಿವನ್ ಜ್ಯೋತಿ ಕಣ್ರಪ್ಪೋ!”

ಹತ್ತು ಕೇಳಿದ್ದಕ್ಕೆ ಹದಿನೇಳು ಸಹಿ ಬಿತ್ತು. ರುದ್ರಸ್ವಾಮಿ ಕುಣಿಯುತ್ತಲೇ ಹಾಲು, ಟೀಪುಡಿ ತರಲು ಹೋದ. ತಿರುಗಿ ಬಂದರೆ ಗ್ಯಾಸ್ ಒಲೆಗೆ ವಿಭೂತಿ ಬಳಿದಾಗಿತ್ತು, ದಾಸವಾಳ ಏರಿಸಿಯಾಗಿತ್ತು, ಮುಂದೆ ಕಾಯಿ ಒಡೆದಾಗಿತ್ತು. ನೀಲಿ ಉರಿಗೆ ಅರ್ಧ ಊರು ಕೈ ಮುಗಿದು ನಿಂತಿತ್ತು.

“ಸ್ವಲ್ಪ ಜಾಗ ಬುಡಿ, ಟೀ ಕಾಯ್ಸಬೇಕು.”

“ಏನಂದ್ಯಪ್ಪಾ?” ಶಿವನಂಜಮ್ಮ ಅಡ್ಡ ನಿಂತರು. “ದ್ಯಾವರ್ ತಲೆ ಮ್ಯಾಲೆ ಎಂಜಲ್ ಟೀ ಪಾತ್ರೆ ಮಡಗೀಯಾ? ಇದು ಬರೀ ಪೂಜೆಗೆ ಕಣಪ್ಪ. ಅಡ್ಗೆಗೆ ಸೌದೆ ಅದೆ.”

“ನಾನೇ ಹೇಳಿದ್ದಲ್ವೇನವ್ವಾ…”

“ನೀನೇ ಯೋಳಿದ್ದು! ಇನ್ಯಾರು?”

ಜೀಪಿನ ಹಾರನ್ ಕೇಳಿತು. ರುದ್ರಸ್ವಾಮಿ ಹಿತ್ತಲಿಗೆ ಓಡಿ ಮೂರು ಕಲ್ಲಿಟ್ಟ. ಮುತ್ತಿ ಅದೇ ಹೊರೆಯಿಂದ ಸೌದೆ ಎಳೆದುಕೊಟ್ಟಳು. ಹಸಿ ಸೌದೆ, ಊದಿ ಊದಿ ಅವನ ಕೆನ್ನೆ ಬೋಂಡದಂತೆ ಉಬ್ಬಿತು.

ಸಾಹೇಬರು ಒಂದು ಗುಟುಕು ಕುಡಿದರು. “ಏನ್ರೀ, ಹೊಗೆ ವಾಸನೆ?”

“ಗ್ಯಾಸು… ಹೊಸದು ಸಾರ್.”

ಸಾಹೇಬರು ಹದಿನೇಳು ಸಹಿ ನೋಡಿದರು, ಕೈ ಮುಗಿದ ಜನರನ್ನು ನೋಡಿದರು. ರುದ್ರಸ್ವಾಮಿಯ ಬೆನ್ನು ತಟ್ಟಿದರು.

“ಇಂಥ ಜನಬೆಂಬಲ ನನ್ನ ಸರ್ವೀಸಿನಲ್ಲೇ ನೋಡಿಲ್ಲ ಕಣ್ರೀ! ನಿಮ್ಮಂಥವರು ಹುಣಸೂರಲ್ಲಿ ಕಾಗದ ಬರೆಯುತ್ತಾ ಕೂರೋದೇ? ಇನ್ನೂ ದೂರದ ಅಂತರಸಂತೆಯಲ್ಲಿ ಒಬ್ಬನೂ ಸಹಿ ಹಾಕಿಲ್ಲ. ಸೋಮವಾರವೇ ಅಲ್ಲಿಗೆ ಹೊರಡಿ.”

ಜೀಪು ಹೋಯಿತು. ಮುತ್ತಿ ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಲೆಕ್ಕ ಹಾಕಿದಳು. “ಅದಿನೇಳ್ ಗುಂಡಿ ಕೆಲ್ಸಾನೂ ನಂದೇ, ಸೌದೆ ಯಾಪಾರಾನೂ ನಂದೇ. ನಿಮ್ಗೇನ್ ಸಿಕ್ತು ಸಾಮಿ?”

ರುದ್ರಸ್ವಾಮಿ ಉಳಿದ ಟೀ ಬಗ್ಗಿಸಿಕೊಂಡು ಕಣ್ಣೊರೆಸಿಕೊಂಡ.

“ಹೊಗೆ ಕಣವ್ವ,” ಅಂದ.